ಒಂದೇ ಕ್ಲಿಕ್ಕಿನ ಸೆಟಪ್

ಆಸ್ಪತ್ರೆಯ ಸಿಸ್ಟರ್ ಫೋನ್ ಮಾಡಿದಾಗ ಬೆಳಿಗ್ಗೆ ಆರು ದಾಟಿ ಹತ್ತು ನಿಮಿಷ. ನಮ್ಮ ಮನೆಯ ಮುಂಭಾಗದಲ್ಲಿ ಮಗ್ಗಗಳು ಆಗಲೇ ಶುರುವಾಗಿದ್ದವು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಫೋನಿನಲ್ಲಿ ಮಾತಾಡಬೇಕಾದರೆ ಹಿತ್ತಲಿಗೆ ಹೋಗಬೇಕು, ಇಲ್ಲವೇ ಕಿರುಚಬೇಕು. ಒಂದು ಕಿವಿ ಮುಚ್ಚಿಕೊಂಡು ನೀರಿನ ತೊಟ್ಟಿಯ ಪಕ್ಕ ನಿಂತೆ.

"ಮೇಡಂ, ಸ್ಕ್ರೀನಲ್ಲಿ ಯಾರೂ ಇಲ್ಲ ಮೇಡಂ."

"ಯಾರೂ ಇಲ್ಲ ಅಂದ್ರೆ?"

"ಪೇಷಂಟ್‌ಗಳು. ಒಬ್ರೂ ಇಲ್ಲ. ನೀವು ಕಳ್ಸಿದ್ದು ಹೊಸದು ಹಾಕ್ದೆ. ಚೆನ್ನಾಗೇ ಓಪನ್ ಆಯ್ತು. ಒಳಗಡೆ ಖಾಲಿ."

ಆಗ ನಾನು ಕೇಳಿದ ಮೊದಲ ಪ್ರಶ್ನೆ ಈಗಲೂ ನನ್ನನ್ನು ಬಿಟ್ಟಿಲ್ಲ. "ನೀವು ಏನ್ ಒತ್ತಿದ್ರಿ?" ಎಂದು ಕೇಳಿದೆ.

ಆ ಕಡೆಯಿಂದ, "ನಾನೇ ಏನೋ ತಪ್ಪು ಒತ್ಬಿಟ್ನಾ ಮೇಡಂ?" ಎಂದರು.

ಹೊಸಕೋಟೆ ಕಡೆಯ ಒಂದು ಸಣ್ಣ ಧರ್ಮಾಸ್ಪತ್ರೆಯ ಡಯಾಲಿಸಿಸ್ ವಾರ್ಡ್ ಅದು. ಆರು ಯಂತ್ರ, ದಿನಕ್ಕೆ ಮೂರು ಪಾಳಿ, ಒಟ್ಟು ಮೂವತ್ತೆಂಟು ರೋಗಿಗಳು. ಫೋನ್ ಮಾಡಿದ ಸಿಸ್ಟರ್ ವಾರ್ಡಿನ ಹೊಣೆ ಹೊತ್ತವರು. ಸೂಲಿಬೆಲೆಯವರು, ಮುಂಜಾನೆ ಮನೆಯ ಹಸುಗಳ ಹಾಲು ಕರೆದು ಡೇರಿಗೆ ಹಾಕಿ, ಐದೂವರೆಗೆಲ್ಲ ವಾರ್ಡಿನಲ್ಲಿರುತ್ತಿದ್ದರು.

ನನ್ನ ಕೆಲಸವನ್ನೂ ಇಲ್ಲೇ ಹೇಳಿಬಿಡಬೇಕು. ನಮ್ಮದು ನಾಲ್ಕು ಜನರ ಪುಟ್ಟ ಆಫೀಸು. ಉಳಿದ ಮೂವರು ಸಣ್ಣ ಆಸ್ಪತ್ರೆಗಳಿಗಾಗಿ ಪ್ರೋಗ್ರಾಮ್ ಬರೆಯುತ್ತಾರೆ. ಅದನ್ನು ಯಾರದೋ ಊರಿನ ಯಾವುದೋ ಕಂಪ್ಯೂಟರಿನಲ್ಲಿ ಸರಿಯಾಗಿ ಕೂರುವಂತೆ ಕಟ್ಟಿಕೊಡುವವಳು ನಾನು. "ಏನಮ್ಮ ಅದು ನಿನ್ ಕೆಲ್ಸ?" ಎಂದು ಅತ್ತೆ ಒಮ್ಮೆ ಕೇಳಿದಾಗ, "ಸೀರೆ ನೇಯೋರು ಬೇರೆ, ಮಡಿಸಿ ಪ್ಯಾಕ್ ಮಾಡೋರು ಬೇರೆ ಅಲ್ವಾ ಅತ್ತೆ, ನಾನು ಮಡಿಸೋಳು" ಎಂದಿದ್ದೆ. ಅವರಿಗೆ ತಕ್ಷಣ ಅರ್ಥವಾಯಿತು.

ಮಡಿಸುವ ಕೆಲಸದಲ್ಲಿ ಕಷ್ಟವಾದದ್ದು ಡೇಟಾಬೇಸ್. ರೋಗಿಗಳ ವಿವರವೆಲ್ಲ ಇರುವ ಉಗ್ರಾಣ ಅದು. ಪ್ರೋಗ್ರಾಮ್ ಹಾಕಿದರೆ ಸಾಲದು. ಉಗ್ರಾಣ ಕಟ್ಟಬೇಕು, ಅದಕ್ಕೆ ಹೆಸರಿಡಬೇಕು, ಪಾಸ್‌ವರ್ಡ್ ಕೊಡಬೇಕು, ಒಳಗೆ ಖಾನೆಗಳನ್ನು ಮಾಡಬೇಕು, ಬೀಗದ ಕೈ ಎಲ್ಲಿದೆ ಎಂದು ಪ್ರೋಗ್ರಾಮಿಗೆ ತಿಳಿಸಬೇಕು. ಮೊದಮೊದಲು ಇದನ್ನೆಲ್ಲ ಫೋನಿನಲ್ಲಿ ಹೇಳಿ ಮಾಡಿಸುತ್ತಿದ್ದೆ. ಒಂದೊಂದು ಆಸ್ಪತ್ರೆಗೆ ಅರ್ಧ ದಿನ ಬೇಕಾಗುತ್ತಿತ್ತು. ನೆಲಮಂಗಲದ ಕಡೆ ಒಬ್ಬರು ಪಾಸ್‌ವರ್ಡ್ ಕೇಳಿದ ಕಡೆಯಲ್ಲೆಲ್ಲ ವೈಫೈ ಪಾಸ್‌ವರ್ಡ್ ಹಾಕಿದ್ದರು. ಇನ್ನೊಬ್ಬರು ಚೀಟಿಯಲ್ಲಿ ಬರೆದಿಟ್ಟು ಆ ಚೀಟಿಯನ್ನೇ ಕಳೆದುಕೊಂಡಿದ್ದರು. ಅವರ ತಪ್ಪೇನೂ ಇಲ್ಲ. ಸೂಜಿ ಹಾಕುವ, ರಕ್ತ ಕಾಯುವ ಜನ ಅವರು. ಅವರಿಗೆ ಒಂದೇ ಒಂದು ಪ್ರಶ್ನೆಯೂ ಎದುರಾಗಬಾರದು ಎಂದು ಹಟ ಹಿಡಿದು ಮೂರು ತಿಂಗಳು ಕೂತು ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಸೆಟಪ್ ಫೈಲ್ ತಯಾರಿಸಿದೆ. ಒಂದು ಸಲ ಕ್ಲಿಕ್ ಮಾಡಿದರೆ ಆಯಿತು. ಹೊಸ ಕಂಪ್ಯೂಟರಾದರೆ ಡೇಟಾಬೇಸನ್ನು ಕಟ್ಟುತ್ತದೆ. ಹಳೆಯದಾದರೆ ಇದ್ದುದರ ಒಂದು ಪ್ರತಿಯನ್ನು ಬ್ಯಾಕಪ್ ಆಗಿ ತೆಗೆದಿಟ್ಟು, ಬೇಕಾದ ಬದಲಾವಣೆ ಮಾತ್ರ ಮಾಡುತ್ತದೆ.

ಆ ಫೈಲನ್ನು ಸಿಸ್ಟರ್‌ಗೆ ಕಳಿಸಿ, "ಎರಡು ನಿಮಿಷದ ಕೆಲಸ, ಪಾಳಿ ಶುರುವಾಗೋ ಮುಂಚೆ ಹಾಕ್ಬಿಡಿ" ಎಂದು ಹೇಳಿದವಳು ನಾನೇ. ಅದಕ್ಕೂ ಮುಂಚೆ, ಅವರು ರೋಗಿಗಳ ವಿವರವನ್ನು ಉದ್ದ ನೋಟ್‌ಬುಕ್ಕಿನಲ್ಲೂ ಬರೆದಿಡುತ್ತಿದ್ದುದನ್ನು ನೋಡಿ, "ಇನ್ನು ಯಾಕೆ ಸಿಸ್ಟರ್ ಎರಡೆರಡು ಕೆಲಸ? ಬಿಟ್ಬಿಡಿ" ಎಂದವಳೂ ನಾನೇ.

ಗಂಡ ಮಗ್ಗ ನಿಲ್ಲಿಸಿ ಬೈಕ್ ತೆಗೆದರು. "ಏನಾಯ್ತೇ?" ಎಂದು ಒಮ್ಮೆ ಕೇಳಿದರು. ನಾನು ಹಿಂದೆ ಹತ್ತಿ ಕೂತೆ. ದೇವನಹಳ್ಳಿ ದಾಟಿ ಸೂಲಿಬೆಲೆ ಮೇಲೆ ಹೊಸಕೋಟೆ ಮುಟ್ಟುವವರೆಗೂ ಲಾರಿಗಳ ಧೂಳಿನಲ್ಲಿ ನನ್ನ ತಲೆಯೊಳಗೆ ಆ ಸೆಟಪ್ ಫೈಲಿನ ಸಾಲುಗಳೇ ಓಡುತ್ತಿದ್ದವು. ಎಲ್ಲಿ ತಪ್ಪಿರಬಹುದು? ಬ್ಯಾಕಪ್ ಇದ್ದೇ ಇರುತ್ತದೆ, ಹೋದ ತಕ್ಷಣ ವಾಪಸ್ ಹಾಕಿದರಾಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನಾನು ವಾರ್ಡಿಗೆ ಹೋಗುವಷ್ಟರಲ್ಲಿ ಎಂಟು ಗಂಟೆ. ಡಯಾಲಿಸಿಸ್ ನಡೆಯುತ್ತಲೇ ಇತ್ತು. ನಿಲ್ಲಿಸುವಂತಿಲ್ಲವಲ್ಲ. ಆರು ಹಾಸಿಗೆಯಲ್ಲಿ ಆರು ಜನ, ಪ್ರತಿಯೊಬ್ಬರ ತೋಳಿನಿಂದ ಎರಡು ಕೊಳವೆ. ಸಿಸ್ಟರ್ ಒಂದು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪೆನ್ನಿನಿಂದ ಗೆರೆ ಎಳೆದು ಹೆಸರು, ತೂಕ ಬರೆದುಕೊಳ್ಳುತ್ತಿದ್ದರು. ಸೋಂಕಿದೆಯೆಂದು ಯಾರನ್ನು ಪ್ರತ್ಯೇಕ ಯಂತ್ರಕ್ಕೆ ಹಾಕಬೇಕು, ಯಾರಿಗೆ ರಕ್ತ ಹೆಪ್ಪುಗಟ್ಟದ ಔಷಧಿ ಎಷ್ಟು ಕೊಡಬೇಕು, ಇದೆಲ್ಲ ಅವರಿಗೆ ಬಹುಪಾಲು ಬಾಯಿಪಾಠ. ಬಾಯಿಪಾಠವಿಲ್ಲದ್ದು ಡ್ರೈ ವೇಟ್. ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗ ರೋಗಿ ಎಷ್ಟು ತೂಗಬೇಕು ಎನ್ನುವ ಅಂಕಿ ಅದು. ಬಂದ ತೂಕದಿಂದ ಅದನ್ನು ಕಳೆದು, ಉಳಿದಷ್ಟು ನೀರನ್ನು ಯಂತ್ರ ಎಳೆದುಕೊಳ್ಳುತ್ತದೆ. ಹೆಚ್ಚು ಎಳೆದರೆ ಬಿ.ಪಿ. ಕುಸಿಯುತ್ತದೆ. ಕಡಿಮೆ ಎಳೆದರೆ ಮನೆಗೆ ಹೋದ ಮೇಲೆ ಉಸಿರು ಸಿಕ್ಕಿಕೊಳ್ಳುತ್ತದೆ. ಡಾಕ್ಟರು ಅದನ್ನು ಆಗಾಗ ಅರ್ಧ ಕಿಲೋ, ಒಂದು ಕಿಲೋ ಬದಲಿಸುತ್ತಿರುತ್ತಾರೆ. ಆ ಬದಲಾವಣೆಗಳೆಲ್ಲ ಇದ್ದದ್ದು ನನ್ನ ಡೇಟಾಬೇಸಿನಲ್ಲಿ ಮಾತ್ರ.

"ಅವರವರನ್ನೇ ಕೇಳಿ ಹಾಕಿದೀನಿ," ಎಂದರು ಸಿಸ್ಟರ್. ಮುಖ ನೋಡಿ ಮಾತಾಡಲಿಲ್ಲ.

ನಾನು ಕಂಪ್ಯೂಟರಿನ ಮುಂದೆ ಕೂತೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಹಿಂದಿನ ವಾರ ಕಂಪ್ಯೂಟರ್ ನಿಧಾನವಾಗಿದೆ ಎಂದು ಯಾರೋ ಅಂಗಡಿಯವರನ್ನು ಕರೆಸಿ ಬೇಡದ ಫೈಲುಗಳನ್ನು ಅಳಿಸಿ ಸ್ವಚ್ಛ ಮಾಡಿಸಿದ್ದರು. ಆ ಗುಡಿಸಾಟದಲ್ಲಿ, ಹಳೆಯ ಕಂಪ್ಯೂಟರೆಂದು ಗುರುತಿಸಲು ನನ್ನ ಸೆಟಪ್ ಇಟ್ಟಿದ್ದ ಸೆಟ್ಟಿಂಗ್ಸ್ ಫೈಲೂ ಹೋಗಿತ್ತು. ಡೇಟಾಬೇಸಿಗೆ ಆಗ ಏನೂ ಆಗಿರಲಿಲ್ಲ, ಭದ್ರವಾಗಿತ್ತು. ಆದರೆ ನನ್ನ ಸೆಟಪ್, ಸೆಟ್ಟಿಂಗ್ಸ್ ಫೈಲ್ ಕಾಣದ್ದರಿಂದ, ಇದು ಹೊಸ ಕಂಪ್ಯೂಟರ್ ಎಂದು ತೀರ್ಮಾನಿಸಿತು. ಹೊಸದಾದರೆ ಬ್ಯಾಕಪ್ ತೆಗೆಯುವ ಅಗತ್ಯವಿಲ್ಲವಲ್ಲ. ಅದು ನೇರವಾಗಿ ಕಟ್ಟುವ ಕೆಲಸಕ್ಕೆ ಇಳಿಯಿತು. ಅಲ್ಲಿ ಒಂದು ಸಾಲಿತ್ತು: ಇದೇ ಹೆಸರಿನ ಹಳೆಯ ಡೇಟಾಬೇಸ್ ಇದ್ದರೆ ಅಳಿಸಿ, ಹೊಸದು ಮಾಡು.

ಆ ಸಾಲನ್ನು ಬರೆದದ್ದು ನಾನು. ಮನೆಯಲ್ಲಿ ಪರೀಕ್ಷೆ ಮಾಡುವಾಗ ದಿನಕ್ಕೆ ಮೂವತ್ತು ಸಲ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಪ್ರತಿಸಲ ಕೈಯಲ್ಲಿ ಅಳಿಸಲು ಬೇಸರವಾಗಿ ಹಾಕಿಕೊಂಡಿದ್ದೆ. ಕೊನೆಗೆ ತೆಗೆಯಬೇಕು ಎಂದುಕೊಂಡಿದ್ದೆ. ತೆಗೆಯಲಿಲ್ಲ. ಇದ್ದರೂ ಏನಂತೆ, ಹೊಸ ಕಂಪ್ಯೂಟರಿನಲ್ಲಿ ಹಳೆಯದು ಎಲ್ಲಿಂದ ಬರುತ್ತದೆ ಎಂದು ಅಂದುಕೊಂಡಿರಬೇಕು. ಸರಿಯಾಗಿ ನೆನಪಿಲ್ಲ.

ಆಗ ಹೊಳೆಯಿತು: ಅದೇ ಫೈಲನ್ನು ಹಿಂದಿನ ಸಂಜೆ ಇನ್ನೂ ನಾಲ್ಕು ಆಸ್ಪತ್ರೆಗಳಿಗೆ ಕಳಿಸಿದ್ದೆ. ಕಾರಿಡಾರಿಗೆ ಓಡಿದೆ. ಒಬ್ಬೊಬ್ಬರಿಗೇ ಫೋನ್ ಮಾಡಿದೆ. "ಕ್ಲಿಕ್ ಮಾಡ್ಬೇಡಿ, ದಯವಿಟ್ಟು ಯಾರೂ ಮುಟ್ಬೇಡಿ" ಎಂದು ಮೂರು ಕಡೆ ಹೇಳಿದೆ. ನಾಲ್ಕನೆಯವರು, "ಅಯ್ಯೋ, ಆಗ್ಲೇ ಹಾಕಾಯ್ತಲ್ಲ ಮೇಡಂ" ಎಂದರು. ಗೋಡೆಗೆ ಒರಗಿ, ಪಟ್ಟಿ ತೆಗೆದು ನೋಡಿ ಎಂದೆ. ಅವರು ಒಂದೊಂದೇ ಹೆಸರು ಓದಿದರು. ಎಲ್ಲರೂ ಇದ್ದರು. ಅಲ್ಲಿ ಸೆಟ್ಟಿಂಗ್ಸ್ ಫೈಲ್ ಉಳಿದಿತ್ತು, ಅಷ್ಟೆ.

ಫೋನ್ ಇಟ್ಟು ಒಳಗೆ ಬರುವಾಗ ಮೂರನೇ ಹಾಸಿಗೆಯ ಹತ್ತಿರ ಗಲಾಟೆ. ಸಮೇತನಹಳ್ಳಿಯ ರೈತರೊಬ್ಬರು, ಐವತ್ತೈದು ದಾಟಿದವರು, ಕಾಲು ಹಿಡಿದುಕೊಂಡು ಕೂಗುತ್ತಿದ್ದರು. ನೋಡುನೋಡುತ್ತಲೇ ಕೂಗು ನಿಂತಿತು. ಕಣ್ಣುಗಳು ಮೇಲೆ ಸಿಕ್ಕಿಕೊಂಡವು. ಸಿಸ್ಟರ್ ನೀರೆಳೆಯುವುದನ್ನು ನಿಲ್ಲಿಸಿ, ಹಾಸಿಗೆಯ ಕಾಲ ಕಡೆಯನ್ನು ಎತ್ತರಿಸಿ, ಸಲೈನ್ ಬಿಟ್ಟರು. ವಾರ್ಡಿನ ಟೆಕ್ನೀಷಿಯನ್ ಬಿ.ಪಿ. ನೋಡಿ, ಮತ್ತೊಮ್ಮೆ ಪಟ್ಟಿ ಬಿಗಿದ.

"ಅಣ್ಣಾ, ಅಣ್ಣಾ, ಕಣ್ ಬಿಡಿ. ನನ್ ಮುಖ ನೋಡಿ," ಎಂದು ಸಿಸ್ಟರ್ ಅವರ ಕೆನ್ನೆ ತಟ್ಟುತ್ತಿದ್ದರು.

ನಾನು ಬಾಗಿಲಲ್ಲಿ ನಿಂತಿದ್ದೆ. ಜೀವಮಾನದಲ್ಲಿ ದೇವರನ್ನು ಹಾಗೆ ಬೇಡಿಕೊಂಡದ್ದಿಲ್ಲ. ಅವರಿಗಾಗಿ ಬೇಡಿದೆನೋ ನನಗಾಗಿಯೋ, ಇವತ್ತಿಗೂ ಗೊತ್ತಿಲ್ಲ. ಎಷ್ಟು ಹೊತ್ತಾಯಿತೋ, ಅವರು ಕಣ್ಣು ಬಿಟ್ಟು, "ನೀರು" ಎಂದರು. ಅವರಿಗೆ ಅಳತೆ ಮೀರಿ ನೀರು ಕೊಡುವಂತಿಲ್ಲ. ಸಿಸ್ಟರ್ ಹತ್ತಿಯಲ್ಲಿ ತುಟಿ ಒದ್ದೆ ಮಾಡಿದರು.

ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಅವರು ಬಂದಾಗ ಐವತ್ತೈದು ಕಿಲೋ ಇದ್ದರು. ಡ್ರೈ ವೇಟ್ ಎಷ್ಟು ಎಂದು ಕೇಳಿದ್ದಕ್ಕೆ "ಐವತ್ತೆರಡು" ಎಂದಿದ್ದರು. ಮೂರು ಲೀಟರ್ ಎಳೆಯಲು ಹಾಕಿದ್ದರು. ಆದರೆ ಊಟ ಸೇರಿ ಮೈ ಹಿಡಿದಿದೆ ಎಂದು ಡಾಕ್ಟರು ಮೂರು ವಾರದ ಹಿಂದೆಯೇ ಅದನ್ನು ಐವತ್ನಾಲ್ಕಕ್ಕೆ ಏರಿಸಿದ್ದರು. ಆ ವಾರ ಸಿಸ್ಟರ್ ರಜೆಯಲ್ಲಿದ್ದರು. ಟೆಕ್ನೀಷಿಯನ್ ಕಂಪ್ಯೂಟರಿನಲ್ಲಿ ಬದಲಿಸಿದ್ದ, ರೋಗಿಗೆ ಹೇಳಿರಲಿಲ್ಲ. ಅಲ್ಲಿಯವರೆಗೆ ಕಂಪ್ಯೂಟರಿಗೆ ಗೊತ್ತಿದ್ದರೆ ಸಾಕಿತ್ತು.

ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿದ್ದ ಬ್ಯಾಕಪ್ಪಿನ ಪೆನ್‌ಡ್ರೈವ್ ಕಳಚಿಕೊಂಡೆ. ದಿನವೂ ಮಧ್ಯಾಹ್ನ ತಾನಾಗಿ ಒಂದು ಪ್ರತಿ ಅದಕ್ಕೆ ಹೋಗುವಂತೆ ಮಾಡಿದ್ದೆ. ನನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಅದು ತುಂಬಿಹೋಗಿ ಐದು ತಿಂಗಳಾಗಿತ್ತು. ತುಂಬಿದೆ ಎಂದು ಯಾರಿಗೂ ತಿಳಿಸುವ ವ್ಯವಸ್ಥೆ ಮಾಡಿರಲಿಲ್ಲ. ಆದರೂ ಐದು ತಿಂಗಳ ಹಿಂದಿನದಾದರೂ ಇದೆಯಲ್ಲ ಎಂದು ಮುಳುಗುವವಳ ಹಾಗೆ ಅದನ್ನು ಹಿಡಿದುಕೊಂಡೆ.

"ಸಿಸ್ಟರ್, ಹಳೇದು ಸಿಕ್ಕಿದೆ. ಹಾಕ್ಬಿಡ್ಲಾ? ಏನೂ ಇಲ್ಲದೇ ಇರೋದಕ್ಕಿಂತ ಮೇಲು."

ಅವರು ಬಂದು ನನ್ನ ಲ್ಯಾಪ್‌ಟಾಪಿನಲ್ಲಿ ಬಗ್ಗಿ ನೋಡಿದರು. ಮೂರನೇ ಹಾಸಿಗೆಯವರ ಹೆಸರಿನ ಮುಂದೆ ಐವತ್ತೆರಡು ಎಂದೇ ಇತ್ತು.

"ಬೇಡ," ಎಂದರು. "ಖಾಲಿ ಇದ್ರೆ ಕೇಳ್ತೀವಿ, ಅನುಮಾನ ಪಡ್ತೀವಿ. ಇದು ತುಂಬಿದ್ರೆ ನಂಬಿಬಿಡ್ತೀವಿ ಮೇಡಂ. ಮಧ್ಯಾಹ್ನದ ಪಾಳಿಯವರು ನೋಡಿ ಹಂಗೇ ಹಾಕ್ಬಿಡ್ತಾರೆ. ಬೇಡವೇ ಬೇಡ."

ಒಂಬತ್ತೂ ಮುಕ್ಕಾಲಿಗೆ ಆಸ್ಪತ್ರೆಯ ಆಡಳಿತಾಧಿಕಾರಿ ಬಂದರು. ಯಾರೋ ಅಷ್ಟರಲ್ಲೇ ಸುದ್ದಿ ಮುಟ್ಟಿಸಿದ್ದರು. ವಾರ್ಡಿನ ನಡುವೆ, ಎಲ್ಲ ರೋಗಿಗಳ ಎದುರು ಸಿಸ್ಟರ್ ಮೇಲೆ ಎರಗಿದರು. "ಗೊತ್ತಿಲ್ದೇ ಇರೋದನ್ನ ಯಾಕಮ್ಮ ಮುಟ್ಟಕ್ಕೆ ಹೋದೆ? ಕಂಪ್ಯೂಟರ್ ಏನು ನಿಮ್ಮನೆ ಹಸೂನಾ? ಒಬ್ರ ಪ್ರಾಣ ಹೋಗೋದಲ್ಲಮ್ಮ!"

ಸಿಸ್ಟರ್ ತಲೆ ತಗ್ಗಿಸಿ ನಿಂತಿದ್ದರು. ಅವರು ಮಾಡಿದ್ದು ನಾನು ಹೇಳಿದ್ದನ್ನಷ್ಟೇ. ಅದು ನನಗೆ ಗೊತ್ತಿತ್ತು. ಆ ಸಾಲನ್ನು ಕಣ್ಣಾರೆ ನೋಡಿ ಒಂದೂವರೆ ಗಂಟೆಯಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆ, ಆಫೀಸು ಮುಚ್ಚುತ್ತದೆ, ಪೊಲೀಸ್ ಅಂತಾಗುತ್ತದೆ ಎಂದು ಒಂದರ ಮೇಲೊಂದು ಹೆದರಿಕೆ. ಸ್ಕ್ರೀನಿನ ಕಡೆ ಮುಖ ಮಾಡಿಕೊಂಡು ಏನೋ ಕೆಲಸ ಮಾಡುತ್ತಿರುವವಳಂತೆ ಕೀಗಳನ್ನು ಒತ್ತುತ್ತಾ ಕೂತಿದ್ದೆ.

ಆಗ ಮೂರನೇ ಹಾಸಿಗೆಯಿಂದ ಸಣ್ಣ ದನಿ ಬಂತು. "ಆಯಮ್ಮನ್ನ ಬೈಬ್ಯಾಡಿ ಸಾರ್. ಆಯಮ್ಮ ಕೇಳಿದ್ರು. ನಾನೇ ತಪ್ ಹೇಳ್ಬುಟ್ಟೆ. ನಂದೇ ತಪ್ಪು."

ನನಗೆ ಕೂರಲಾಗಲಿಲ್ಲ. ಎದ್ದು ನಿಂತಾಗ ಕುರ್ಚಿ ಹಿಂದಕ್ಕೆ ಬಿತ್ತು. "ತಪ್ಪು ನನ್ನದು ಸಾರ್. ಸಿಸ್ಟರ್‌ದೂ ಅಲ್ಲ, ಇವರದೂ ಅಲ್ಲ. ನಾನು ಮಾಡಿದ ಫೈಲೇ ಎಲ್ಲಾನೂ ಅಳಿಸಿರೋದು," ಎಂದೆ. ಇನ್ನೂ ಏನೇನೋ ಹೇಳಿದೆ. ಅರ್ಧ ಅಳು, ಅರ್ಧ ಇಂಗ್ಲಿಷು. ಯಾರಿಗೂ ಪೂರ್ತಿ ಅರ್ಥವಾದಂತೆ ಕಾಣಲಿಲ್ಲ. ಆಡಳಿತಾಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದನ್ನ ಬರವಣಿಗೇಲಿ ಕೊಡಿ" ಎಂದು ಹೊರಟುಹೋದರು. ಕೊಟ್ಟೆ. ಸಿಸ್ಟರ್‌ಗೆ ಅಷ್ಟರಲ್ಲಿ ನೋಟಿಸ್ ಹೋಗಿತ್ತು. ನನ್ನ ಪತ್ರ ನೋಡಿ ಎರಡು ದಿನದ ನಂತರ ಹಿಂದಕ್ಕೆ ಪಡೆದರು.

ಹಾರ್ಡ್ ಡಿಸ್ಕನ್ನು ಬಿಚ್ಚಿ ಬೆಂಗಳೂರಿಗೆ, ಅಳಿಸಿಹೋದದ್ದನ್ನು ಹುಡುಕಿಕೊಡುವವರ ಹತ್ತಿರ ಒಯ್ದೆ. ಖಾಲಿ ಡೇಟಾಬೇಸ್ ಹಳೆಯದರ ಜಾಗದ ಮೇಲೆಯೇ ಕೂತಿದೆ, ಚೂರುಪಾರು ಸಿಗಬಹುದು ಎಂದರು. ಸಿಕ್ಕಿದ್ದೂ ಅಷ್ಟೆ: ಕೆಲವು ಹೆಸರು, ಯಾರಿಗೆ ಸೇರಿದ್ದೆಂದು ತಿಳಿಯದ ಕೆಲವು ಅಂಕಿ.

ಇನ್ನುಳಿದದ್ದು ಒಂದೇ ದಾರಿ. ಮೂವತ್ತೆಂಟು ಜನರನ್ನೂ ಮತ್ತೆ ಕೇಳಿ ಬರೆದುಕೊಳ್ಳುವುದು. ಡಾಕ್ಟರು ಪ್ರತಿಯೊಬ್ಬರನ್ನೂ ಹೊಸದಾಗಿ ಪರೀಕ್ಷಿಸಿ ಡ್ರೈ ವೇಟ್ ಗೊತ್ತು ಮಾಡುತ್ತೇನೆ ಎಂದರು. ನಾನು ಬರುತ್ತೇನೆ ಎಂದು ಸಿಸ್ಟರ್‌ಗೆ ಹೇಳಿದೆ. ಅವರು "ಬನ್ನಿ" ಎನ್ನಲಿಲ್ಲ, "ಬೇಡ" ಎನ್ನಲೂ ಇಲ್ಲ.

ಒಂದು ವಾರ ದಿನವೂ ಹೋಗಿ ತೂಕದ ಯಂತ್ರದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಅಲ್ಲಿಯವರೆಗೆ ನನಗೆ ಆ ಜನ ಸ್ಕ್ರೀನಿನ ಒಂದೊಂದು ಸಾಲಾಗಿದ್ದರು. ಇಲ್ಲಿನ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಪರೀಕ್ಷಿಸುವಾಗ ಅವರ ಹೆಸರುಗಳನ್ನು ನೂರು ಸಲ ನೋಡಿದ್ದೆ, ಮುಖ ಕಂಡಿರಲಿಲ್ಲ. ಒಬ್ಬಾಕೆ ಚಪ್ಪಲಿ ಬಿಟ್ಟು ಯಂತ್ರಕ್ಕೆ ಕೈ ಮುಗಿದು ಹತ್ತುತ್ತಿದ್ದಳು. ಕಾಲೇಜಿನ ಹುಡುಗಿಯೊಬ್ಬಳು ತನ್ನ ಎಂಟು ತಿಂಗಳ ತೂಕವನ್ನೆಲ್ಲ ಫೋನಿನಲ್ಲಿ ಬರೆದಿಟ್ಟಿದ್ದಳು. ಅವಳಿಗೆ ಕಂಪ್ಯೂಟರಿನ ಮೇಲೆ ಮೊದಲಿನಿಂದಲೂ ನಂಬಿಕೆಯಿರಲಿಲ್ಲವಂತೆ. ಇನ್ನೊಬ್ಬರು ಕೋಪದಿಂದ, "ಏನಮ್ಮಾ, ಮೂರು ವರ್ಷದಿಂದ ಬರ್ತಿದೀನಿ, ಈಗ ನನ್ ಹೆಸ್ರೇನು ಅಂತ ಕೇಳ್ತೀಯಲ್ಲ" ಎಂದರು. ನಾನು ಹೊಸ ಹಾಳೆ ತಿರುವಿದೆ. ಆಮೇಲೆ ಅವರೇ ಹೆಸರು ಹೇಳಿದರು.

ಆ ದಿನಗಳಲ್ಲಿ ಸಿಸ್ಟರ್ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಶನಿವಾರ ಮಧ್ಯಾಹ್ನ ಮಾತ್ರ, ಊಟದ ಡಬ್ಬಿ ಬಿಚ್ಚುತ್ತಾ, "ಅವತ್ತು ನೀವು ಎದ್ದು ಹೇಳ್ದೇ ಹೋಗಿದ್ರೆ ನಾನೇ ಮಾಡಿದ್ದು ಅಂತ ನಂಬ್ಕೊಂಡು ಸಾಯ್ತಿದ್ದೆ" ಎಂದರು. ನಾನು ಒಂದೂವರೆ ಗಂಟೆ ಸುಮ್ಮನಿದ್ದದ್ದು ಅವರಿಗೆ ಗೊತ್ತಿಲ್ಲ ಎಂದು ಅನಿಸಿತು. ಹೇಳಿಬಿಡೋಣ ಎಂದುಕೊಂಡೆ. ಅವರು ಅರ್ಧ ಮುದ್ದೆಯನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು ನನ್ನ ಕಡೆ ಸರಿಸಿದರು. ಹೇಳಲಿಲ್ಲ.

ಮೂವತ್ತೆಂಟೂ ಜನರ ವಿವರ ಮುಗಿಯಿತು. ದೊಡ್ಡದೊಂದು ಕಂಟಕ ಕಳೆಯಿತು ಎಂದುಕೊಳ್ಳುವಾಗ ಒಬ್ಬ ಗಂಡಸು ಬಂದರು. ಅವರ ಹೆಂಡತಿ ಎರಡು ವರ್ಷ ಈ ವಾರ್ಡಿಗೆ ಬರುತ್ತಿದ್ದವರು, ಹಿಂದಿನ ತಿಂಗಳು ತೀರಿಕೊಂಡಿದ್ದರು. ಈಗ ಅವರ ಮಗಳಿಗೆ, ಮದುವೆಯಾದ ಹುಡುಗಿಗೆ, ಕಾಲು ಊದಿಕೊಳ್ಳುತ್ತಿದೆಯಂತೆ. ಬೆಂಗಳೂರಿನ ಡಾಕ್ಟರು, ತಾಯಿಗೆ ಯಾವ ಬಗೆಯ ಕಿಡ್ನಿ ಕಾಯಿಲೆಯಿತ್ತು, ಮನೆತನದಲ್ಲಿ ಬರುವಂಥದ್ದೇ, ಹಳೆಯ ರಿಪೋರ್ಟ್ ತನ್ನಿ ಎಂದಿದ್ದರು. ರಿಪೋರ್ಟುಗಳನ್ನು ಇಲ್ಲೇ ಕೊಟ್ಟಿದ್ದೆವು, ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ್ದಾರೆ, ಕಾಗದಗಳನ್ನು ಹೆಂಡತಿಯ ಬಟ್ಟೆಬರೆಯ ಜೊತೆಗೆ ನೀರಿಗೆ ಬಿಟ್ಟುಬಿಟ್ಟೆವು ಎಂದರು.

ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಪೆನ್‌ಡ್ರೈವನ್ನು ಮತ್ತೆ ತೆಗೆದು ಹುಡುಕಿದೆ. ಹೆಸರಿತ್ತು, ತೂಕವಿತ್ತು. ಪೆನ್‌ಡ್ರೈವ್ ಬೇಗ ತುಂಬದಿರಲಿ ಎಂದು ಸ್ಕ್ಯಾನ್ ಮಾಡಿದ ಚಿತ್ರಗಳು ಬ್ಯಾಕಪ್ಪಿಗೆ ಹೋಗದಂತೆ ನಾನೇ ಮಾಡಿದ್ದೆ. ಬೆಂಗಳೂರಿನಿಂದ ಬಂದ ಚೂರುಗಳಲ್ಲಿ ಹುಡುಕಿದೆ. ಒಂದು ಗಂಟೆ ಹುಡುಕಿದೆ. ಅವರು ಬೆಂಚಿನ ತುದಿಯಲ್ಲಿ ಪ್ಲಾಸ್ಟಿಕ್ ಕವರೊಂದನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಸಿಸ್ಟರ್‌ಗೂ ಆಕೆಯ ಕಾಯಿಲೆಯ ಹೆಸರು ನೆನಪಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿದರು. ಅವರು ಇಲ್ಲಿಗೆ ಬರಲು ಶುರು ಮಾಡಿದ್ದೇ ಆಕೆ ಸೇರಿದ ಮೇಲೆ, ರಿಪೋರ್ಟ್ ನೋಡದೆ ಹೇಳಲಾರೆ ಎಂದರಂತೆ.

"ಇಲ್ಲ," ಎಂದೆ ಅವರ ಹತ್ತಿರ ಹೋಗಿ.

"ಹೋಗ್ಲಿ ಬಿಡಮ್ಮ. ಕಂಪ್ಯೂಟರ್ ಅಲ್ವಾ, ಹೋಗತ್ತೆ."

"ಕಂಪ್ಯೂಟರ್ ಅಲ್ಲ, ನಾನು ಕಳೆದದ್ದು," ಎಂದೆ. ಅವರಿಗೆ ಅದು ಕೇಳಿಸಿತೋ ಇಲ್ಲವೋ. ಮಗಳಿಗೆ ಮೊದಲಿನಿಂದ ಎಲ್ಲ ಪರೀಕ್ಷೆ ಮಾಡಿಸಬೇಕಾಗಬಹುದೇ, ಸೂಜಿ ಹಾಕಿ ಕಿಡ್ನಿಯಿಂದ ಚೂರು ತೆಗೆಯುತ್ತಾರಂತಲ್ಲ, ತುಂಬ ನೋಯುತ್ತದೆಯೇ ಎಂದು ಸಿಸ್ಟರನ್ನು ಕೇಳುತ್ತಿದ್ದರು. ಸಿಸ್ಟರ್ ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು.

ಆ ಆಸ್ಪತ್ರೆ ನಮ್ಮ ಪ್ರೋಗ್ರಾಮನ್ನು ಮತ್ತೆ ಬಳಸಲಿಲ್ಲ. ನಾನು ಕೆಲಸ ಬಿಡಲಿಲ್ಲ; ನನ್ನನ್ನು ಯಾರೂ ಬಿಡಿಸಲೂ ಇಲ್ಲ. ಈಗ ನನ್ನ ಸೆಟಪ್ ಡೇಟಾಬೇಸಿನ ಸುಳಿವು ಕಂಡರೆ ಸಾಕು, ಅಲ್ಲಿಯೇ ನಿಲ್ಲುತ್ತದೆ. ಏನನ್ನೂ ಮುಟ್ಟದೆ, ಮುಂದೇನು ಮಾಡಲಿ ಎಂದು ಕನ್ನಡದಲ್ಲಿ ಕೇಳುತ್ತದೆ, ಉತ್ತರ ಬರುವವರೆಗೆ ಕಾಯುತ್ತದೆ. ಪ್ರಶ್ನೆ ಜಾಸ್ತಿಯಾಯಿತು ಎಂದು ಆಸ್ಪತ್ರೆಗಳವರು ದೂರುತ್ತಾರೆ. ನಾನು ಫೋನಿನಲ್ಲಿ ಅರ್ಧ ದಿನ ಕೂತು ಒಂದೊಂದಾಗಿ ಹೇಳಿಕೊಡುತ್ತೇನೆ. ಆ ಮಗಳ ವಿಷಯ ಏನಾಯಿತೆಂದು ಕೇಳಲು ಸಿಸ್ಟರ್‌ಗೆ ಎರಡು ಸಲ ಫೋನ್ ಮಾಡಿದೆ. ಹುಡುಗಿಯ ಅಪ್ಪ ಆಮೇಲೆ ಬರಲಿಲ್ಲ, ಗೊತ್ತಿಲ್ಲ ಎಂದರು. ಮೂರನೇ ಸಲ ಮಾಡಲಿಲ್ಲ.